ಮೈಕ್ ಬೇಡ ಅಂದರು

ಹನ್ನೆರಡು ಬಾಕ್ಸು, ನಾಲ್ಕು ಹಾರ್ನು, ಒಂದು ಜನರೇಟರು
ಗೂಡ್ಸ್ ಆಟೋದಿಂದ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದೆ.
‘ದುಡ್ಡು ಕೊಡ್ತೇವೆ, ಮೈಕ್ ಮಾತ್ರ ಬೇಡ.
ಆದರೆ ಹಾಲಿನಲ್ಲಿರೋ ಶಬ್ದಾನೆಲ್ಲ ಆರಿಸಿ ಕೊಡಿ’
ಅಂದರು ಕಾಲೇಜಿನ ಮೇಡಂ,
ಪಿಟೀಲನ್ನು ಕೂಸಿನಂತೆ ಎತ್ತಿಕೊಂಡ
ಪರದೇಶದ ಹೆಂಗಸಿನ ಪರವಾಗಿ.

ಇಪ್ಪತ್ತೆರಡು ವರ್ಷ ದಾವಣಗೆರೆಯಲ್ಲಿ
ಹೊನ್ನೂರ್ ಮೈಕ್ ಸೆಟ್ಟಿಗೆ
ಇಂಥ ಆರ್ಡರು ಬಂದದ್ದಿಲ್ಲ.

ಆರಿಸಿದೆ.
ಮೊದಲು ಫ್ಯಾನು, ಒಂದೊಂದಾಗಿ, ಹದಿನಾರು.
ಆಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು.
ನೀರಿನ ಫಿಲ್ಟರು.
ವಾಚ್‌ಮನ್ನನ ರೇಡಿಯೋ, ಬೇಡಿಕೊಂಡು.
ಪಿ.ಬಿ. ರಸ್ತೆಯ ಲಾರಿಗಳ ಸ್ವಿಚ್ಚು
ಎಲ್ಲಿದೆಯೋ ಸಿಗಲಿಲ್ಲ.

ಇನ್ನೂರು ವರ್ಷದ ಹಿಂದಿನ ನಮೂನೆಯ ವಾದ್ಯಗಳಂತೆ.
ಕೊಳಲು ಬರೀ ಕಟ್ಟಿಗೆ, ಒಂದೇ ಕೀಲಿ.
ಕೊಂಬಿಗೆ ಗುಂಡಿಗಳೇ ಇಲ್ಲ;
ಅದರ ಅಗಲ ಬಾಯೊಳಗೆ ಕೈ ತೂರಿಸಿ
ಸ್ವರ ಬಗ್ಗಿಸುತ್ತಾನೆ,
ಎಮ್ಮೆಗೆ ಔಷಧಿ ಕುಡಿಸುವವನ ಹಾಗೆ.
ನಗಾರಿಗೆ ಕರುವಿನ ತೊಗಲು. ಆ ಸಂಜೆಯ ತೇವಕ್ಕೆ
ಸಡಿಲಾಗಿ, ಗೊಗ್ಗರು ದನಿ ತೆಗೆಯಿತು.
ಹಲಗೆಯವರಾದರೆ ಹುಲ್ಲು ಹೊತ್ತಿಸಿ ಕಾಯಿಸುತ್ತಾರೆ.
ನಾನು ಮದುವೆ ಮನೆಯ ಹ್ಯಾಲೋಜನ್ ತಂದು
ಮೊಳ ದೂರದಲ್ಲಿ ಹತ್ತಿಸಿಟ್ಟೆ.
ನಗಾರಿಯವನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು,
ಹೆಬ್ಬೆರಳೆತ್ತಿದ.
ಆವತ್ತು ನಾನು ಮಾಡಿದ ಸೌಂಡಿನ ಕೆಲಸ ಅದೊಂದೇ.

ಅಪ್ಪನೂ ಬಂದಿದ್ದ,
ಬಾಕ್ಸು ಕಾಯುವ ನೆಪದಲ್ಲಿ, ಹಿಂಬಾಗಿಲ ಮೆಟ್ಟಿಲ ಮೇಲೆ.
ಎಡಗಿವಿ ಕಾಟನ್ ಮಿಲ್ಲಿಗೆ ಹೋಗಿತ್ತು,
ಮಿಲ್ಲು ಎಲ್ಲಿಗೋ ಹೋಗಿತ್ತು.
ಬಲಗಿವಿಗೆ ಅಂಗೈಯನ್ನು ಬಟ್ಟಲು ಮಾಡಿ ಕೂತಿದ್ದ.

ಮೊದಲ ಎಳೆತ.
ಸ್ಟೀಲು ತಂತಿಯ ಮಿಂಚಿಲ್ಲ,
ಒರಟು, ಕಂದು, ಹಳೇ ಬೆಲ್ಲದ ಹಾಗೆ.
ಅಪ್ಪ ನನ್ನ ತೋಳು ಹಿಡಿದ:
‘ಕರುಳು. ಕುರಿ ಕರುಳು.’

ಹಿಂಜುವ ಬಿಲ್ಲಿಗೆ ತಾನೇ ಹೊಸೆಯುತ್ತಿದ್ದನಲ್ಲ,
ಕಸಾಯಿಯಿಂದ ತಂದು, ತೊಳೆದು, ಕೆರೆದು,
ಎರಡು ಗೂಟಕ್ಕೆ ಎಳೆದು, ನೆರಳಲ್ಲಿ ಒಣಗಿಸಿ.
ಹೆಗಲ ಮೇಲೆ ಆಳೆತ್ತರದ ಬಿಲ್ಲು,
ಯಾರ‍್ಯಾರದೋ ಅಂಗಳದಲ್ಲಿ ಢಂಯ್ ಢಂಯ್;
ಗಂಟುಗಟ್ಟಿದ ಅರಳೆ ಮೋಡವಾಗಿ ಏಳುತ್ತಿತ್ತು,
ಅವನ ಹುಬ್ಬಿನ ಮೇಲೂ ಒಂದಿಷ್ಟು.
ಫೋಮಿನ ಹಾಸಿಗೆ ಬಂದಮೇಲೆ ಆ ಬಿಲ್ಲು
ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಗಳು.

ಹೊಳೆ ಬಂತು. ಹೊಳೆಯೆಂದು ಹಂಚಿದ ಕಾಗದದಲ್ಲಿ ಬರೆದಿತ್ತು.
ನನಗದು ಭದ್ರಾ ನಾಲೆಗೆ ನೀರು ಬಿಟ್ಟ ದಿನ:
ಮುಂದೆ ಕಸಕಡ್ಡಿ, ನೊರೆ, ಒಂದು ಚಪ್ಪಲಿ,
ಹಿಂದೆ ನೀರು.
ಕೊಳಲಿನಲ್ಲಿ ಕೋಗಿಲೆ ಕೂಗಿತು, ಎರಡೇ ಸ್ವರ.
ಅಪ್ಪ ತಲೆಯಾಡಿಸಿದ: ‘ಇದು ಇಳೀತತಿ.
ಕುಂದವಾಡ ಕೆರೆ ಏರಿ ಮ್ಯಾಲಿಂದು ಏರ್ತತಿ,
ಏರಿ ಏರಿ ಜಗಳಕ್ಕೇ ಬರ್ತತಿ.
ಇವರ ಕೋಗಿಲಿಗೆ ಸಂಸಾರ ಸಸೂತ್ರ ಇರಬೇಕು.’

ಗುಡುಗು ಬಂದಾಗ
ಆಳೆತ್ತರದ ಪಿಟೀಲಿನ ದಪ್ಪ ತಂತಿ ಫಟ್ಟಂತ ಹರಿಯಿತು.
ಯಾರೂ ನಿಲ್ಲಲಿಲ್ಲ. ನುಡಿಸುವವ ಉಳಿದ ತಂತಿಗಳಲ್ಲೇ
ಮಳೆಯನ್ನು ಹೇಗೋ ದಡ ಸೇರಿಸುತ್ತಿರುವಾಗ
ರಸ್ತೆಯಲ್ಲಿ ಲಾರಿಯ ಏರ್‌ಹಾರ್ನು, ಪಂ-ಪಪಂ-ಪಂ.
ನನಗೆ ನಾಚಿಕೆ,
ಕೊಂಬಿನವನಿಗೆ ತಡೆಯಲಾಗದ ನಗು.

ಮುಗಿದ ಮೇಲೆ ಅಪ್ಪ ಸೀದಾ ಸ್ಟೇಜಿಗೆ ಹೋದ.
ಹರಿದ ತುಂಡು ಎತ್ತಿ, ಮೂಸಿ,
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉರುಳಿಸಿ,
‘ಹೊಸೆತ ಸಾಲದು’ ಅಂದ.
ಮೇಡಂಗೆ ಅದನ್ನು ಇಂಗ್ಲಿಷಿಗೆ ದಾಟಿಸಲು ಬರಲಿಲ್ಲ.
ಅಪ್ಪ ಲುಂಗಿ ಮೇಲೆತ್ತಿ ತೊಡೆಯ ಮೇಲೆ
ಇಲ್ಲದ ಕರುಳು ಹೊಸೆದು ತೋರಿಸಿದ,
ಒಂದು ಸುತ್ತು, ಇನ್ನೊಂದು, ಇನ್ನೂ ಒಂದು.
ಆ ಬಿಳಿಯ, ಕೋಟು ಬಿಚ್ಚಿ, ನೆಲಕ್ಕೇ ಕೂತುಬಿಟ್ಟ.

ನಾನು ಫ್ಯಾನು ಹಾಕಲು ಹೋದೆ.
ಏಳನೆಯದು ತಿರುಗುವಾಗ ಕೊರಗುತ್ತದೆಂದು
ಈವರೆಗೆ ನನಗೆ ಕೇಳಿಸಿಯೇ ಇರಲಿಲ್ಲ.

ರಾತ್ರಿ ಮನೆ ಹೊಕ್ಕವನೇ ಅಪ್ಪ,
ಚಪ್ಪಲಿ ಕೂಡ ಬಿಡದೆ, ಅಂದ:
‘ಆ ಗಳುವಿನ ಮ್ಯಾಲಿನ ಬಟ್ಟಿ ತಗಿ.’